ಹಸಿರು ಜಾಗದ ಹನ್ನೊಂದು ಮನೆ

ನಾನು ಮಾಡುವ ಕೆಲಸ ಏನು ಅಂತ ಹದಿನೆಂಟು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅರ್ಥ ಮಾಡಿಕೊಂಡವರು ಒಬ್ಬರೂ ಇಲ್ಲ. ಹೆಂಡತಿಯನ್ನು ಕೇಳಿದರೆ "ಆಫೀಸಲ್ಲಿ ಕೂತ್ಕೊಂಡು ಕಂಪ್ಯೂಟರಿಗೆ ಬಣ್ಣ ಹಚ್ತಾರೆ" ಅನ್ನುತ್ತಾಳೆ. ಮಾವನವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಯಾರದೋ ಮದುವೆಯಲ್ಲಿ ನಾಲ್ಕು ಜನರ ಎದುರಿಗೆ "ನಮ್ಮ ಅಳಿಯಂದಿರು ಪೇಂಟಿಂಗ್ ಲೈನಲ್ಲಿದ್ದಾರೆ" ಅಂದುಬಿಟ್ಟರು. ಆಮೇಲೆ ಇಬ್ಬರು ನನ್ನ ಹತ್ತಿರ ಬಂದು, ತಮ್ಮ ಮನೆ ಗೋಡೆ ಯಾವಾಗ ಬಂದು ನೋಡುತ್ತೀರಿ ಅಂತ ವಿಚಾರಿಸಿದರು.

ಆದ್ದರಿಂದ ಇಲ್ಲಿ ಒಂದೇ ಸಲ, ಬಿಡಿಸಿ ಹೇಳಿಬಿಡುತ್ತೇನೆ. ನಮ್ಮ ಊರಿನ ಪುರಸಭೆ ಕಚೇರಿಯಲ್ಲಿ ನಕ್ಷೆ ವಿಭಾಗ ಅಂತ ಒಂದಿದೆ. ವಿಭಾಗ ಅಂದರೆ ಒಂದು ಕೋಣೆ, ಒಂದು ಕಿಟಕಿ, ಎರಡು ಕಂಪ್ಯೂಟರು, ಮತ್ತು ನಾನು. ಊರಿನ ಪ್ರತಿಯೊಂದು ಮನೆಯೂ ಕಂಪ್ಯೂಟರಿನೊಳಗೆ ಒಂದೊಂದು ಸಾಲಾಗಿ ಕೂತಿರುತ್ತದೆ: ಎಲ್ಲಿದೆ, ಉದ್ದ ಎಷ್ಟು, ಅಗಲ ಎಷ್ಟು, ಎಷ್ಟು ಮಹಡಿ, ಎಷ್ಟು ಜನ. ಇದಕ್ಕೆ ಡೇಟಾ ಅನ್ನುತ್ತಾರೆ. ಅದನ್ನು ಯಾರೂ ನೋಡುವುದಿಲ್ಲ, ನೋಡಿದರೂ ಎರಡನೇ ಪುಟಕ್ಕೆ ನಿದ್ದೆ ಬರುತ್ತದೆ. ಜನ ನೋಡುವುದು ಪರದೆಯ ಮೇಲಿನ ನಕ್ಷೆಯನ್ನು. ಒಳಗಿರುವ ಸಾಲು ಹೊರಗೆ ಯಾವ ಬಣ್ಣದಲ್ಲಿ ಕಾಣಬೇಕು, ಯಾವ ಆಕಾರದಲ್ಲಿ ಕಾಣಬೇಕು, ಎಷ್ಟು ದೂರದಿಂದ ನೋಡಿದರೆ ಕಾಣಬೇಕು ಅಂತ ಒಂದಕ್ಕೊಂದು ಗಂಟು ಹಾಕುವವನು ನಾನು. ಗಂಟು ಸರಿಯಾಗಿ ಬಿದ್ದರೆ ಊರು ಊರಿನ ಹಾಗೆ ಕಾಣುತ್ತದೆ. ತಪ್ಪಿದರೆ ಕೆರೆ ಇರುವ ಕಡೆ ಪೊಲೀಸ್ ಠಾಣೆ ಕಾಣುತ್ತದೆ. ಹಾಗೆ ಆಗಿದ್ದು ಒಂದೇ ಸಲ, ಅದೂ ಅರ್ಧ ದಿನ ಮಾತ್ರ. ಅದನ್ನೇ ಹಿಡಿದುಕೊಂಡು ಕಚೇರಿಯವರು ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ.

ಇಷ್ಟು ದೊಡ್ಡ ಜವಾಬ್ದಾರಿಯ ನನ್ನ ಕೋಣೆಗೆ ಒಂದು ಸೋಮವಾರ ದೊಡ್ಡ ಸಾಹೇಬರು ತಾವಾಗಿಯೇ ಬಂದರು. ಬಂದವರು ಪರದೆ ನೋಡಿ ಮೂಗು ಮುರಿದರು.

"ಏನ್ರೀ ಇದು, ಇಲಿ ಹಿಕ್ಕೆ ಚೆಲ್ಲಿದ ಹಾಗಿದೆ?"

"ಮನೆಗಳು ಸಾರ್."

"ಇಷ್ಟೂ ಮನೆಗಳಾ?"

"ಚಿಕ್ಕ ಚಿಕ್ಕ ಮನೆಗಳು ಸಾರ್. ಇಡೀ ಊರನ್ನ ಒಟ್ಟಿಗೆ ನೋಡ್ದಾಗ ಹಾಗೆ ಕಾಣುತ್ತೆ."

"ಮುಂದಿನ ವಾರ ಅಧ್ಯಕ್ಷರು ಬರ್ತಾರೆ. ಹೊಸ ನೀರಿನ ಪೈಪು ಯಾವ ಯಾವ ರಸ್ತೆಗೆ ಹೋಗ್ಬೇಕು ಅಂತ ಈ ನಕ್ಷೆ ನೋಡ್ಕೊಂಡೇ ತೀರ್ಮಾನ ಮಾಡೋದು. ಅವರ ಮುಂದೆ ಈ ಹಿಕ್ಕೆ ಇಡ್ಲಾ ನಾನು? ಕ್ಲೀನ್ ಮಾಡ್ರೀ!"

ಸಾಹೇಬರು ಹಿಂದಿರುಗಿ ಹೋಗುವಷ್ಟರಲ್ಲಿ ನನಗೆ ಉಪಾಯ ಹೊಳೆದಿತ್ತು. ಬರೆದದ್ದು ಒಂದೇ ಸಾಲು: ಇಷ್ಟು ಅಳತೆಗಿಂತ ಚಿಕ್ಕದಾದ ಮನೆಯನ್ನು ದೂರದ ನೋಟದಲ್ಲಿ ತೋರಿಸಬೇಡ. ಒಂದು ಗುಂಡಿ ಒತ್ತಿದೆ. ಆಹಾ! ಹಿಕ್ಕೆಯೆಲ್ಲ ಮಾಯವಾಗಿ, ದೊಡ್ಡ ದೊಡ್ಡ ಕಟ್ಟಡಗಳು ಸಭ್ಯಸ್ಥರ ಹಾಗೆ ದೂರ ದೂರ ಕೂತವು. ಚಿಕ್ಕ ಮನೆ ಹೋದ ಕಡೆ ನಕ್ಷೆಯ ಅಡಿಯಲ್ಲಿದ್ದ ತಿಳಿ ಹಸಿರು ಕಂಡಿತು. ಅದನ್ನು ಗೋಡೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ಸಭೆಯ ಕೋಣೆಯಲ್ಲಿ ತೂಗುಹಾಕಿದೆವು. ದೊಡ್ಡ ಸಾಹೇಬರು ಕೈ ಕಟ್ಟಿಕೊಂಡು ಐದು ನಿಮಿಷ ನೋಡಿದರು.

"ನೋಡ್ರೀ, ಊರ ನಡುವೆ ಇಷ್ಟು ಚೆಂದದ ಹಸಿರು ಜಾಗ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಅಂದರು.

ಅದು ಹಸಿರು ಜಾಗ ಅಲ್ಲ ಅಂತ ನಾನು ಆಗಲೇ ಹೇಳಬೇಕಿತ್ತು. ಆದರೆ ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಹೊಗಳಿಕೆ ಪೂರ್ತಿ ಮುಗಿಯಲಿ ಅಂತ ಕಾದೆ, ಅಷ್ಟರಲ್ಲಿ ಅವರು ಹೊರಟುಹೋದರು.

ಆ ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಅಂದರೆ ನನ್ನ ತಾಯಿಯ ತಂಗಿ. ನನ್ನನ್ನು ಸಾಕಿದವಳು ಅವಳೇ. ಪೇಟೆ ಹಿಂದಿನ ಒಂದು ಸಂದಿಯಲ್ಲಿ ಅವಳ ಮನೆ. ಸಂದಿಯಲ್ಲಿ ಒಟ್ಟು ಹನ್ನೊಂದು ಮನೆ, ಕಟ್ಟಕಡೆಯದು ಅವಳದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಸಂಸಾರ. ಓಣಿಯವರಿಗೆ ಅವಳು ಟೈಲರಮ್ಮ. ನೀರು ಬೇಕಾದರೆ ಸಂದಿಯ ಬಾಯಿಗೆ ಹೋಗಿ ಬೀದಿ ನಲ್ಲಿಯಲ್ಲಿ ಹಿಡಿದು ತರಬೇಕು. ಇನ್ನು ಮೇಲೆ ಭಾರ ಎತ್ತಿದರೆ ಮಂಡಿ ಕೈ ಕೊಡುತ್ತದೆ ಅಂತ ಡಾಕ್ಟರು ಹೇಳಿ ಎರಡು ವರ್ಷ ಆಗಿತ್ತು. ಅವಳು ದಿನಾ ಎಂಟು ಕೊಡ ಹೊರುವುದನ್ನು ಬಿಟ್ಟು ಆರಕ್ಕೆ ಇಳಿಸಿದ್ದಳು, ಅಷ್ಟೆ.

"ಹೊಸ ಪೈಪು ಬರುತ್ತಂತಲ್ಲೋ? ನಮ್ಮ ಸಂದಿಗೂ ಬರುತ್ತೇನೋ?"

"ಬರದೆ ಏನು ಚಿಕ್ಕಮ್ಮ! ನಕ್ಷೆ ಮಾಡಿರೋದು ಯಾರು ಅಂದ್ಕೊಂಡೆ? ಇಡೀ ಊರಿನ ನಕ್ಷೆ ನನ್ನ ಕೈಯಲ್ಲೇ ಆಗಿದ್ದು!"

ಇಷ್ಟು ಹೇಳಿದ್ದು ನಾನು. ನಾನು ಮನೆ ಮುಟ್ಟುವುದರೊಳಗೆ ಉಳಿದ ಹತ್ತೂ ಮನೆಯಲ್ಲಿ "ಟೈಲರಮ್ಮನ ಹುಡುಗ ನಮ್ಮ ಸಂದೀನ ನಕ್ಷೆಗೆ ಹಾಕಿಸಿದ್ದಾನಂತೆ" ಅಂತ ಸುದ್ದಿ ಆಗಿತ್ತು. ನನಗೆ ನಲವತ್ತಾರು ವರ್ಷ, ಮಗಳು ಕಾಲೇಜಿಗೆ ಹೋಗುತ್ತಾಳೆ. ಸಂದಿಯಲ್ಲಿ ಇನ್ನೂ ಹುಡುಗನೇ.

ಮಂಗಳವಾರ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಗಲಾಟೆ. ನೋಡಿದರೆ ಚಿಕ್ಕಮ್ಮ, ಅವಳ ಹಿಂದೆ ಸಂದಿಯ ಏಳೆಂಟು ಜನ, ಎಲ್ಲರಿಗಿಂತ ಮುಂದೆ ನಿವೃತ್ತ ಮೇಷ್ಟ್ರು. ಮೇಷ್ಟ್ರ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ, ಪೇಪರ್ ಓದುವುದಕ್ಕೆ. ನಕ್ಷೆಯಲ್ಲಿ ತಮ್ಮ ತಮ್ಮ ಮನೆ ನೋಡಬೇಕಂತೆ, ಅದಕ್ಕೆ ಎಲ್ಲರೂ ಒಳ್ಳೆ ಬಟ್ಟೆ ಹಾಕಿಕೊಂಡು ಬಂದಿದ್ದರು. ನಾನು ಹೆಮ್ಮೆಯಿಂದ ಸಭೆಯ ಕೋಣೆಗೆ ಕರೆದುಕೊಂಡು ಹೋದೆ. ಗೋಡೆಯ ನಕ್ಷೆಯ ಮುಂದೆ ಎಲ್ಲರೂ ಸಾಲಾಗಿ ನಿಂತರು.

"ಇದು ಬಸ್ ನಿಲ್ದಾಣ. ಇದು ಆಸ್ಪತ್ರೆ. ಇದು ಪೇಟೆ ರಸ್ತೆ," ಅಂತ ಬೆರಳು ಓಡಿಸಿದೆ. "ಪೇಟೆ ರಸ್ತೆ ಹಿಂದೆ ತಿರುಗಿದ್ರೆ, ಇಲ್ಲಿ ನಮ್ಮ..."

ಬೆರಳು ಹಸಿರಿನ ಮೇಲೆ ನಿಂತಿತು.

ಮೇಷ್ಟ್ರು ಭೂತಗನ್ನಡಿ ತೆಗೆದು ಆ ಜಾಗದ ಮೇಲೆ ಹಿಡಿದರು. ಹಸಿರು ಇನ್ನೂ ದೊಡ್ಡದಾಗಿ ಕಂಡಿತು. ಅದರ ಮೇಲೆ ನೀರಿನ ಇಂಜಿನಿಯರ್ ಪೆನ್ಸಿಲ್ಲಿನಲ್ಲಿ 'ತೆರೆದ ಜಾಗ, ಪೈಪು ಬೇಡ' ಅಂತ ಬರೆದಿದ್ದು ಕೂಡ ದೊಡ್ಡದಾಗಿ ಕಂಡಿತು.

"ಎಲ್ಲೋ ನಮ್ಮನೆ?" ಅಂದಳು ಚಿಕ್ಕಮ್ಮ.

"ಇದೆ ಚಿಕ್ಕಮ್ಮ. ಕಾಣ್ತಿಲ್ಲ ಅಷ್ಟೆ."

"ಇದ್ರೆ ಕಾಣ್ಬೇಕಲ್ವೇನೋ?"

"ಡೇಟಾದಲ್ಲಿದೆ. ಡಿಸ್‌ಪ್ಲೇಯಲ್ಲಿಲ್ಲ."

"ಅದೆಲ್ಲಿದೆ ಆ ಡೇಟಾ? ಅಲ್ಲಿಗೆ ಕರ್ಕೊಂಡು ಹೋಗು."

ಇಡೀ ಸಂದಿ ನನ್ನ ಕೋಣೆಗೆ ನುಗ್ಗಿತು. ಕಂಪ್ಯೂಟರಿನಲ್ಲಿ ಊರನ್ನು ಹಿಗ್ಗಿಸುತ್ತಾ ಹೋದೆ. ಪೇಟೆ ದೊಡ್ಡದಾಯಿತು, ರಸ್ತೆ ದೊಡ್ಡದಾಯಿತು, ಹಸಿರು ದೊಡ್ಡದಾಯಿತು, ಇನ್ನೊಂದು ಸುತ್ತು ತಿರುಗಿಸಿದ್ದೇ ತಡ, ಪಟಪಟ ಅಂತ ನಾಲ್ಕೈದು ಮನೆ ಎದ್ದು ನಿಂತವು. ಮೊದಲನೆಯದೇ ಮೇಷ್ಟ್ರ ಮನೆ. "ಬಂತು! ಬಂತು!" ಅಂತ ಎಲ್ಲರೂ ಚಪ್ಪಾಳೆ ಹೊಡೆದರು.

"ಈಗ ಹಿಂದಕ್ಕೆ ಹೋಗಿ," ಅಂದರು ಮೇಷ್ಟ್ರು.

ಹಿಂದಕ್ಕೆ ಹೋದೆ. ಮನೆ ಮಾಯ.

"ಮುಂದಕ್ಕೆ."

ಮನೆ ಬಂತು.

ಹೀಗೆ ಆರು ಸಲ ಮಾಡಿಸಿದರು. ಆಮೇಲೆ ಕುರ್ಚಿ ಎಳೆದು ಕೂತು, ಬಹಳ ಗಂಭೀರವಾಗಿ ಕೇಳಿದರು. "ಅಲ್ಲಪ್ಪಾ, ನೋಡೋರು ಎಷ್ಟು ಹತ್ತಿರ ಬಂದ್ರೆ ನಾವು ಇರ್ತೀವಿ?"

ನನಗೆ ಉತ್ತರ ಗೊತ್ತಿತ್ತು. ಐದು ಸಾವಿರಕ್ಕೆ ಒಂದು, ಅಂದರೆ ನೆಲದ ಐವತ್ತು ಮೀಟರು ನಕ್ಷೆಯಲ್ಲಿ ಒಂದು ಸೆಂಟಿಮೀಟರು ಆಗುವಷ್ಟು ಹತ್ತಿರ. ಆದರೆ ಅದು ಹೇಳುವಂಥ ಉತ್ತರ ಅಲ್ಲ ಅನ್ನಿಸಿತು.

"ನಮ್ಮದೆಲ್ಲೋ?" ಅಂತ ಚಿಕ್ಕಮ್ಮ ಭುಜ ತಟ್ಟಿದಳು.

"ನಿಂದು ಕೊನೇದಲ್ವಾ ಚಿಕ್ಕಮ್ಮ, ಪರದೆಯಿಂದ ಆಚೆ ಇದೆ. ಇದ್ದೇ ಇದೆ ಬಿಡು," ಅಂದೆ. ತೋರಿಸುವಷ್ಟರಲ್ಲಿ ದೊಡ್ಡ ಸಾಹೇಬರು ಬಂದು "ಏನ್ರೀ ಇಲ್ಲಿ ಸಂತೆ?" ಅಂದರು. ಕೋಣೆ ಖಾಲಿಯಾಯಿತು.

ನಾನು ನೀರಿನ ಇಂಜಿನಿಯರ್ ಹತ್ತಿರ ಓಡಿದೆ. ಅವರು ಶಿಸ್ತಿನ ಮನುಷ್ಯ, ಮೇಜಿನ ಮೇಲೆ ಎರಡು ಪೆನ್ನು ಇದ್ದರೆ ಎರಡೂ ಒಂದೇ ದಿಕ್ಕಿಗೆ ಮಲಗಿರುತ್ತವೆ.

"ಸಾರ್, ಪೇಟೆ ಹಿಂದೆ ತೆರೆದ ಜಾಗ ಅಂತ ಬರೆದಿದ್ದೀರಲ್ಲ, ಅಲ್ಲಿ ಹನ್ನೊಂದು ಮನೆ ಇದೆ."

"ನಕ್ಷೆಯಲ್ಲಿ ಇಲ್ಲ."

"ನಕ್ಷೆಯಲ್ಲಿ ಇಲ್ಲ ಸಾರ್, ಆದ್ರೆ ಇದೆ."

"ನಕ್ಷೆ ಮಾಡಿದ್ದು ಯಾರು?"

"ನಾನು ಸಾರ್."

"ಮತ್ತೆ ನನ್ನ ಹತ್ರ ಬಂದು ಯಾರ ಮೇಲೆ ದೂರು ಹೇಳ್ತಿದ್ದೀರಿ?" ಅಂದರು. "ನೋಡಿ, ಬರೋ ಸೋಮವಾರ ಅಗೆತ ಶುರು. ಒಂದು ಸಲ ಪೈಪು ಹಾಕಿ ರಸ್ತೆ ಮುಚ್ಚಿದ್ರೆ ಇನ್ನು ಐದು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ಬದಲಾವಣೆ ಬೇಕಿದ್ರೆ ಶುಕ್ರವಾರದ ಸಭೆಯಲ್ಲಿ ಅಧ್ಯಕ್ಷರ ಮುಂದೆ ಹೇಳಿ."

ಐದು ವರ್ಷ. ದಿನಕ್ಕೆ ಆರು ಕೊಡ. ಲೆಕ್ಕ ಹಾಕುವ ಧೈರ್ಯ ನನಗೆ ಆಗಲಿಲ್ಲ.

ದೊಡ್ಡ ಸಾಹೇಬರ ಹತ್ತಿರ ಹೋದರೆ ಅವರು ನನಗಿಂತ ಮೊದಲೇ ಉರಿಯುತ್ತಿದ್ದರು. "ರೀ, ಜನ ಇರೋ ಮನೆಗಳನ್ನೇ ತೆಗೆದುಬಿಟ್ಟಿದ್ದೀರಂತೆ!"

"ನೀವೇ ಹೇಳಿದ್ರಿ ಸಾರ್, ಕ್ಲೀನ್ ಮಾಡಿ ಅಂತ."

"ನಾನು ಹಿಕ್ಕೆ ತೆಗೀರಿ ಅಂದೆ. ಮನೆ ತೆಗೀರಿ ಅಂದೆನಾ?"

"ಸಾಫ್ಟ್‌ವೇರ್ ಹಾಗೆ ಮಾಡುತ್ತೆ ಸಾರ್," ಅಂದೆ. ಇದು ನಮ್ಮ ವಿಭಾಗದ ಹಳೆಯ ಔಷಧ, ಎಲ್ಲ ಕಾಯಿಲೆಗೂ ಕೆಲಸ ಮಾಡುತ್ತದೆ. ಸಾಹೇಬರು ಸಾಫ್ಟ್‌ವೇರಿಗೆ ಎರಡು ಮಾತು ಬೈದು ಸಮಾಧಾನವಾದರು.

ಬುಧವಾರ ಇಡೀ ದಿನ ಕೂತು ಹೊಸ ಗಂಟು ಹಾಕಿದೆ. ಚಿಕ್ಕ ಮನೆ ಅಳತೆಗೆ ತಕ್ಕ ಹಾಗೆ ಬಿಡಿಸಿದರೆ ಕಾಣುವುದೇ ಇಲ್ಲ, ಆದ್ದರಿಂದ ಅಳತೆಯನ್ನೇ ಬಿಟ್ಟು ಒಂದು ಮನೆಗೆ ಒಂದು ಕೆಂಪು ಚುಕ್ಕಿ ಅಂತ ಮಾಡಿದೆ. ದೊಡ್ಡ ಮನೆಗೂ ಅದೇ ಚುಕ್ಕಿ, ಚಿಕ್ಕ ಮನೆಗೂ ಅದೇ ಚುಕ್ಕಿ. ನ್ಯಾಯ ಅಂದರೆ ಇದು ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕರಡು ನಕ್ಷೆಯನ್ನು ಹೊರಗಿನ ಫಲಕಕ್ಕೆ ಅಂಟಿಸಿ ಊಟಕ್ಕೆ ಹೋಗಿ ಬರುವುದರೊಳಗೆ ನನ್ನ ಮೇಜಿನ ಮುಂದೆ ಪೇಟೆಯ ಮೂರಂತಸ್ತಿನ ಮನೆಯ ಯಜಮಾನರು ಕೂತಿದ್ದರು.

"ಇದು ನನ್ನ ಮನೆನಾ?" ಫಲಕದಿಂದ ನಕ್ಷೆಯನ್ನೇ ಕಿತ್ತು ತಂದಿದ್ದರು.

"ಹೌದು ಸಾರ್."

"ಪಕ್ಕದಲ್ಲಿರೋದು?"

"ಕ್ಷೌರದಂಗಡಿ ಸಾರ್."

"ಎರಡೂ ಒಂದೇ ಥರ ಇದ್ಯಲ್ಲ?"

"ಕ್ಷೌರದಂಗಡಿಯವರಿಗೂ ನೀರು ಬೇಕಲ್ವಾ ಸಾರ್."

"ನೀರು ಕೊಡಿ, ಯಾರು ಬೇಡ ಅಂದ್ರು? ಚುಕ್ಕಿ ಯಾಕೆ ನನ್ನ ಸಮಕ್ಕೆ ಕೊಟ್ರಿ?"

ಗಲಾಟೆ ಬೇಡ ಅಂತ ಮಹಡಿಗೆ ತಕ್ಕ ಹಾಗೆ ಚುಕ್ಕಿ ದೊಡ್ಡದಾಗುವಂತೆ ಮಾಡಿದೆ. ಆಗ ಒಂದೇ ಮಹಡಿಯಿದ್ದರೂ ವಿಶಾಲವಾದ ಅಂಗಳ ಇರುವವರು ಬಂದರು. ಅವರಿಗೂ ಸ್ವಲ್ಪ ಹಿಗ್ಗಿಸಿದೆ. ಆಮೇಲೆ ಮನೆಯಲ್ಲಿ ಹದಿನಾಲ್ಕು ಜನ ಇರುವವರು ಬಂದರು, ಹದಿನಾಲ್ಕು ಜನರೂ ಬಂದರು. ಗುರುವಾರ ಸಂಜೆ ಪರದೆ ನೋಡಿದರೆ ಊರಿಗೆ ಊರೇ ಒಂದು ಕೆಂಪು ಮುದ್ದೆಯಾಗಿತ್ತು. ಚಿಕ್ಕಮ್ಮನ ಸಂದಿ ಅದರೊಳಗೆ ಎಲ್ಲೋ ಮತ್ತೆ ಮುಚ್ಚಿಹೋಗಿತ್ತು.

ಮನೆಗೆ ಹೋಗಿ ಹೆಂಡತಿಯ ಮುಂದೆ ಗೋಳು ಹೇಳಿಕೊಂಡೆ. ಅವಳು ಬಟ್ಟೆ ಮಡಚುತ್ತಾ ಎಲ್ಲ ಕೇಳಿದಳು.

"ಚಿಕ್ಕಮ್ಮನ ಮನೇಲಿ ಹಿಂದುಗಡೆ ಕಿಟಕಿ ಇಡಿಸಿದ್ರಲ್ಲ, ಅದನ್ನ ನೀವು ನೋಡಿದ್ದೀರಾ?" ಅಂದಳು.

"ಯಾವ ಕಿಟಕಿ? ನಾನು ಕೇಳ್ತಿರೋದು ಚುಕ್ಕಿ ವಿಷಯ!"

"ಸರಿ ಬಿಡಿ. ಎಲ್ಲಾ ಚುಕ್ಕೀನೂ ಮತ್ತೆ ಒಂದೇ ಸಮ ಮಾಡಿ. ಬೈಯೋರು ಬೈತಾರೆ," ಅಂದಳು.

ಬಣ್ಣ ಹಚ್ಚುವ ಕೆಲಸ ಅಂತ ಹೇಳುವವಳ ಬುದ್ಧಿವಾದವನ್ನೇ ಕೊನೆಗೆ ನಾನು ಪಾಲಿಸಬೇಕಾಯಿತು. ಶುಕ್ರವಾರ ಬೆಳಿಗ್ಗೆ ತಿಂಡಿ ಕೂಡ ತಿನ್ನದೆ ಓಡಿಹೋಗಿ ಎಲ್ಲ ಚುಕ್ಕಿಯನ್ನೂ ಒಂದೇ ಸಮಕ್ಕೆ ತಂದೆ.

ಸಭೆ ಹನ್ನೊಂದಕ್ಕೆ. ಅಧ್ಯಕ್ಷರಮ್ಮ ನಡುವಿನ ಕುರ್ಚಿಯಲ್ಲಿ, ಅಕ್ಕಪಕ್ಕ ದೊಡ್ಡ ಸಾಹೇಬರು ಮತ್ತು ನೀರಿನ ಇಂಜಿನಿಯರ್. ಹಿಂದಿನ ಬೆಂಚುಗಳಲ್ಲಿ ಸಂದಿಯವರು. ಗೋಡೆಯ ಮೇಲಿನ ದೊಡ್ಡ ಪರದೆಗೆ ನನ್ನ ಕಂಪ್ಯೂಟರು ಜೋಡಿಸಿದ್ದರು. ನಾನು ಪೇಟೆ ರಸ್ತೆ ತೋರಿಸಿದೆ, ಹಸಿರು ತೋರಿಸಿದೆ, ಹಸಿರಿನ ಮೇಲೆ ಸಾಲಾಗಿ ಕೂತ ಕೆಂಪು ಚುಕ್ಕಿಗಳನ್ನು ತೋರಿಸಿದೆ.

"ಇಲ್ಲಿ ಇಷ್ಟು ಮನೆ ಇದ್ಯಾ? ಅಯ್ಯೋ!" ಅಂದರು ಅಧ್ಯಕ್ಷರಮ್ಮ. "ಇಂಜಿನಿಯರ್ರೇ, ಇಲ್ಲಿಗೂ ಪೈಪು ಹಾಕಿ."

"ಹಾಕೋಣ ಮೇಡಂ. ಕೊನೇ ಚುಕ್ಕಿವರೆಗೆ ಹಾಕೋಣ," ಅಂತ ಇಂಜಿನಿಯರ್ ಬರೆದುಕೊಂಡರು. ಬೆಂಚುಗಳಲ್ಲಿ ಚಪ್ಪಾಳೆ. ನಾನು ಚಿಕ್ಕಮ್ಮನ ಕಡೆ ತಿರುಗಿ ನಕ್ಕೆ.

ಅವಳು ನಗುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಮೇಷ್ಟ್ರು ಬೆರಳು ಮಡಚುತ್ತಿದ್ದರು. ಮಡಚಿ ಮುಗಿಸಿ, ಮೊದಲಿಂದ ಮತ್ತೆ ಮಡಚಿದರು.

"ಹತ್ತೇ ಇದ್ಯಲ್ಲಪ್ಪಾ," ಅಂದರು.

"ಹನ್ನೊಂದಿದೆ ಮೇಷ್ಟ್ರೇ."

"ಹತ್ತು. ಕೊನೇಲಿ ಟೈಲರಮ್ಮಂದು ಇಲ್ಲ."

"ಇದೆ ಮೇಷ್ಟ್ರೇ, ಡೇಟಾದಲ್ಲಿ ಇದ್ದೇ ಇದೆ. ಸ್ವಲ್ಪ ಹತ್ತಿರ ಹೋದ್ರೆ ಕಾಣುತ್ತೆ," ಅಂದು ಹಿಗ್ಗಿಸಿದೆ. ಹತ್ತು ಚುಕ್ಕಿ ದೊಡ್ಡದಾದವು. ಇನ್ನೂ ಹಿಗ್ಗಿಸಿದೆ. ಐದು ಚುಕ್ಕಿ ಪರದೆಯಾಚೆ ಹೋದವು. ಚಿಕ್ಕಮ್ಮ ಬೆಂಚಿನಿಂದ ಎದ್ದು ಎರಡು ಹೆಜ್ಜೆ ಮುಂದೆ ಬಂದಳು, ಈಗ ಪಟ್ಟಂತ ಬರುತ್ತದೆ ಅಂತ ಕತ್ತು ಚಾಚಿ ನಿಂತಳು. ನಾನು ಇನ್ನೂ ಹಿಗ್ಗಿಸಿದೆ. ಕೊನೆಯ ಚುಕ್ಕಿಯೂ ಆಚೆ ಹೋಯಿತು. ಗೋಡೆ ತುಂಬಾ ಬರೀ ಹಸಿರು.

ನಾನು ಕೋಷ್ಟಕ ತೆರೆದು ಸಾಲು ಸಾಲಾಗಿ ಹುಡುಕಿದೆ. ಹತ್ತನೇ ಮನೆ ಇತ್ತು. ಅದರ ಕೆಳಗಿನ ಸಾಲು ಪೇಟೆ ರಸ್ತೆಯ ಪೆಟ್ಟಿಗೆ ಅಂಗಡಿಯದು. ನಾಲ್ಕು ದಿನದಿಂದ ಯಾವ ಡೇಟಾದ ಮೇಲೆ ಆಣೆ ಇಟ್ಟುಕೊಂಡು ಓಡಾಡಿದ್ದೆನೋ ಆ ಡೇಟಾದಲ್ಲಿ ಚಿಕ್ಕಮ್ಮನ ಮನೆಯೇ ಇರಲಿಲ್ಲ.

"ಸರ್ವೆ ಮಾಡಿದ ಕಾಗದ ತರ್ಸಿ," ಅಂದರು ಅಧ್ಯಕ್ಷರಮ್ಮ.

ಕಬ್ಬಿಣದ ಬೀರುವಿನಿಂದ ನಾಲ್ಕು ವರ್ಷದ ಹಿಂದಿನ ಕಟ್ಟು ಬಂತು. ಹತ್ತು ಮನೆಗೆ ಹತ್ತು ಹಾಳೆ, ಪೂರ್ತಿ ತುಂಬಿದ್ದು. ಹನ್ನೊಂದನೇ ಹಾಳೆ ಖಾಲಿ. ಕೆಳಗೆ ಷರಾ ಅಂತ ಇದ್ದ ಕಡೆ ಸರ್ವೆಯವರು ಬರೆದಿದ್ದರು: 'ಇದು ನಕ್ಷೆ ವಿಭಾಗದವರ ಸ್ವಂತ ಮನೆ. ಮಾಹಿತಿ ತಾವೇ ತುಂಬುವುದಾಗಿ ತಿಳಿಸಿದ್ದಾರೆ.' ಅದರ ಪಕ್ಕದಲ್ಲಿ ನನ್ನದೇ ಸಹಿ.

ಆಗ ನೆನಪಾಯಿತು. ಬಿಸಿಲಿನಲ್ಲಿ ಸರ್ವೆಯವರು ಬೆವರು ಒರೆಸಿಕೊಳ್ಳುತ್ತಾ ಹತ್ತನೇ ಮನೆಯ ಹತ್ತಿರ ನಿಂತಿದ್ದರು. "ಅಯ್ಯೋ ಅದೊಂದು ಬಿಡಿ ಸಾರ್, ಅದು ನಮ್ಮನೆ. ಒಂದೊಂದು ಇಟ್ಟಿಗೇನೂ ನನಗೆ ಗೊತ್ತು. ಕಣ್ಣು ಮುಚ್ಕೊಂಡು ತುಂಬ್ತೀನಿ," ಅಂದಿದ್ದೆ. ಊರಿನ ಒಂಬತ್ತು ಸಾವಿರ ಮನೆ ತುಂಬಿಸಿದೆ. ಪೆಟ್ಟಿಗೆ ಅಂಗಡಿ ಕೂಡ ಬಿಡಲಿಲ್ಲ. ಇದು ನನಗೆ ಗೊತ್ತಿರುವುದು ತಾನೇ, ಯಾವಾಗ ಬೇಕಾದರೂ ಹಾಕಬಹುದು ಅಂತ ಇದನ್ನು ಮಾತ್ರ ಬಿಟ್ಟೆ.

ದೊಡ್ಡ ಸಾಹೇಬರಿಗೆ ನನ್ನ ಮೇಲೆ ಕನಿಕರ ಬಂತೋ ಏನೋ, "ಸಾಫ್ಟ್‌ವೇರ್ ತೊಂದರೆ ಮೇಡಂ, ಆಗಾಗ ಹೀಗಾಗುತ್ತೆ," ಅಂದರು. ಅಧ್ಯಕ್ಷರಮ್ಮ ನನ್ನ ಕಡೆ ನೋಡಿದರು. ನಾನು ಹೂಂ ಅಂದಿದ್ದರೆ ಸಾಕಿತ್ತು. ಚಿಕ್ಕಮ್ಮ ಇನ್ನೂ ಆ ಹಸಿರು ಗೋಡೆಯನ್ನೇ ನೋಡುತ್ತಿದ್ದಳು.

"ಇಲ್ಲ ಮೇಡಂ," ಅಂದೆ. "ನಾನು ಹಾಕಿಲ್ಲ. ನನ್ನ ತಪ್ಪು."

"ಯಾರದು ಆ ಮನೆ?"

"ನಮ್ಮದು ಮೇಡಂ."

"ಅಲ್ಲಿ ಇರೋದು ಯಾರು, ನೀವಾ?"

"ನಾನಲ್ಲ. ನಮ್ಮ ಚಿಕ್ಕಮ್ಮ."

"ಐದು ಗಂಟೆಗೆ ಪಟ್ಟಿಗೆ ರುಜು ಹಾಕ್ತೀನಿ," ಅಂದರು ಅಧ್ಯಕ್ಷರಮ್ಮ. "ಅಷ್ಟರಲ್ಲಿ ಈ ಹಾಳೆ ತುಂಬಿ ಬಂದ್ರೆ ಪೈಪು ಅಲ್ಲಿವರೆಗೆ ಹೋಗುತ್ತೆ. ಇಲ್ಲಾಂದ್ರೆ ಹತ್ತನೇ ಮನೆಗೇ ನಿಲ್ಲುತ್ತೆ."

"ಇಲ್ಲೇ ತುಂಬಿ ಕೊಡ್ತೀನಿ ಮೇಡಂ, ನನಗೆಲ್ಲ ಗೊತ್ತು."

"ಗೊತ್ತಿರೋದು ಈಗ ನೋಡಿದೆವಲ್ಲ. ಹೋಗಿ, ಎಲ್ಲರ ಮನೇಲಿ ಕೇಳೋ ಹಾಗೆ ಬಾಗಿಲಲ್ಲಿ ನಿಂತು, ಕೇಳಿ ಬರ್ಕೊಂಡು ಬನ್ನಿ."

ಹಾಳೆ, ಅಳತೆ ಟೇಪು ಹಿಡಿದುಕೊಂಡು ಹೊರಟೆ. ಚಿಕ್ಕಮ್ಮ ನನಗಿಂತ ಮುಂದೆ ನಡೆದಳು, ಸಂದಿಯವರೆಲ್ಲ ಹಿಂದೆ. ಮನೆ ಮುಟ್ಟಿದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಡಿದೆ.

"ಯಾರು?"

"ನಾನು ಚಿಕ್ಕಮ್ಮ."

"ನಾನು ಅಂದ್ರೆ ಯಾರು?"

ಸಂದಿಯವರು ಕಿಸಕ್ ಅಂತ ನಕ್ಕರು. ಬೇರೆ ದಾರಿ ಇರಲಿಲ್ಲ. "ನಕ್ಷೆ ವಿಭಾಗದವನು," ಅಂದೆ. ಬಾಗಿಲು ತೆರೆಯಿತು.

"ಬನ್ನಿ ಸಾರ್. ಏನು ಬೇಕು ಕೇಳಿ."

"ಚಿಕ್ಕಮ್ಮ, ಹೀಗೆಲ್ಲ ಮಾಡ್ಬೇಡ."

"ಎಲ್ಲರ ಮನೇಲಿ ಕೇಳೋ ಹಾಗೇ ಕೇಳ್ಬೇಕು ಅಂತ ಅವರು ಹೇಳ್ಲಿಲ್ವಾ ಸಾರ್? ಕೇಳಿ."

ಹಾಳೆ ಬಿಡಿಸಿಕೊಂಡು ಶುರು ಮಾಡಿದೆ. ಮನೆಯ ಉದ್ದ ಅನ್ನುವ ಕಡೆ ನೆನಪಿನ ಮೇಲೆ ಇಪ್ಪತ್ತೆರಡು ಅಡಿ ಅಂತ ಬರೆಯಹೊರಟೆ. "ಅಳೀರಿ ಸಾರ್," ಅಂದಳು. ಅಳೆದೆ. ಹದಿನಾರು ಅಡಿ. ಮತ್ತೆ ಅಳೆದರೂ ಹದಿನಾರೇ. ಚಿಕ್ಕವನಿದ್ದಾಗ ಈ ಗೋಡೆಯಿಂದ ಆ ಗೋಡೆಗೆ ಓಡಿ ಮುಟ್ಟುವ ಆಟ ಆಡುವಾಗ ಅದು ಎಷ್ಟು ದೂರ ಇತ್ತು ಅಂತ ನನಗೆ ಚೆನ್ನಾಗಿ ನೆನಪಿದೆ.

"ಕಿಟಕಿ ಒಂದು," ಅಂತ ಬರೆದೆ.

"ಎರಡು ಸಾರ್. ಹಿಂದುಗಡೆ ಇನ್ನೊಂದು ಇಡಿಸಿ ಆರು ವರ್ಷ ಆಯ್ತು. ಕಣ್ಣು ಸಾಲ್ತಿರ್ಲಿಲ್ಲ, ಗುಂಡಿ ಹೊಲಿಯೋಕೆ ಬೆಳಕು ಬೇಕಿತ್ತು."

ಆರು ವರ್ಷದಿಂದ ಪ್ರತಿ ಭಾನುವಾರ ಬಂದಿದ್ದೇನೆ. ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು, ಕೊಟ್ಟಿದ್ದು ತಿಂದು, ನನ್ನ ಕಚೇರಿಯ ಕಷ್ಟ ಹೇಳಿಕೊಂಡು ಎದ್ದು ಹೋಗಿದ್ದೇನೆ. ಹಿಂದಿನ ಕೋಣೆಗೆ ಹೋಗಿ ನೋಡಿದೆ. ಕಿಟಕಿ ಇತ್ತು, ಒಳ್ಳೆಯ ಕಿಟಕಿ. ಒಂದನ್ನು ಹೊಡೆದು ಎರಡು ಅಂತ ತಿದ್ದಿದೆ. ನನ್ನ ಹೆಂಡತಿಗೂ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

"ವಾಸ ಇರುವವರು?"

"ಒಬ್ಬಳೇ."

"ಉದ್ಯೋಗ?"

"ಹೊಲಿಗೆ. ಬೋರ್ಡು ಹಾಕಿದೆಯಲ್ಲ ಸಾರ್, ಓದಿ."

"ಈ ಮನೆಯಲ್ಲಿ ಎಷ್ಟು ವರ್ಷದಿಂದ ವಾಸ?" ಅಂತ ಕೇಳಿದೆ. ಇದೂ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ನಿಮಗೆ ಈಗೆಷ್ಟು ವಯಸ್ಸು ಸಾರ್?"

"ನನಗಾ? ನಲವತ್ತಾರು."

"ಅದ್ರಲ್ಲಿ ಮೂರು ಕಳೀರಿ. ನಿಮ್ಮನ್ನ ಸೊಂಟದ ಮೇಲೆ ಎತ್ಕೊಂಡೇ ಈ ಮನೆಗೆ ಬಂದಿದ್ದು. ಆಗ ನಿಮಗೆ ಮೂರು ವರ್ಷ. ಅವತ್ತು ಜ್ವರ ಬೇರೆ ಇತ್ತು ನಿಮಗೆ."

ನಲವತ್ತಮೂರು ಅಂತ ಬರೆದೆ. ಕಣ್ಣು ಮಂಜಾಗಿ ಅಂಕಿ ಗೆರೆಯಿಂದ ಆಚೆ ಹೋಯಿತು. ಹೊಡೆದುಹಾಕಿ ಮತ್ತೆ ಬರೆದೆ. ಬಾಗಿಲ ಹತ್ತಿರ ನಿಂತಿದ್ದವರು ಈ ಸಲ ಯಾರೂ ನಗಲಿಲ್ಲ, ಮೇಷ್ಟ್ರು ಬೇರೆ ಕಡೆ ನೋಡುತ್ತಿದ್ದರು.

"ರುಜು ಎಲ್ಲಿ ಹಾಕ್ಲಿ ಸಾರ್?"

"ಇಲ್ಲಿ," ಅಂದೆ. ಬೆರಳಿಟ್ಟು ತೋರಿಸಿದೆ.

ಅವಳು ಹೊಲಿಗೆ ಮಿಷನ್ನಿನ ಮೇಲೆ ಹಾಳೆ ಇಟ್ಟುಕೊಂಡು ನಿಧಾನವಾಗಿ ರುಜು ಹಾಕಿದಳು. ಪೆನ್ನು ವಾಪಸ್ಸು ಕೊಡುವಾಗ ನನ್ನ ಮುಖ ನೋಡಿದಳು, ಮತ್ತೆ ಗೋಡೆಯ ಗಡಿಯಾರ ನೋಡಿದಳು.

"ಐದು ಗಂಟೆಗೆ ಇನ್ನೂ ಹೊತ್ತಿದೆ," ಅಂದಳು. "ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯೇನೋ?"